ಮಮ್ಮಿಗಳ ಎದುರು ಹೆಣ್ಣು ನೋಡಿದ್ದು

ಯಾವ ಬಟ್ಟೆ ಕೈಗೆ ಸಿಕ್ಕಿದರೂ ಅದರ ಮೂಲೆ ತಿರುಗಿಸಿ ನೋಡುವುದು ನನ್ನ ಹಳೇ ಚಾಳಿ. ಹೋಟೆಲಿಗೆ ಹೋದರೆ ಮೇಜಿನ ಮೇಲೆ ಹಾಸಿದ ಬಟ್ಟೆಯ ಅಂಚು, ಯಾರ ಮನೆಗಾದರೂ ಹೋದರೆ ಅವರ ಬಾತ್‌ರೂಮಿನ ಟವೆಲ್ಲು. ಎರಡು ವರ್ಷದ ಹಿಂದೆ ಹರ್ನಿಯಾ ಆಪರೇಷನ್ ಆಗಿ ಮಲಗಿದ್ದಾಗ ಅರೆ ಎಚ್ಚರದಲ್ಲೇ ದಿಂಬಿನ ಚೀಲವನ್ನು ಒಳಗು ಹೊರಗು ಮಾಡಿ ಏನೋ ಹುಡುಕುತ್ತಿದ್ದೆನಂತೆ. ನರ್ಸು ಪಾಪ, ಔಷಧಿ ತಲೆಗೇರಿದೆ ಅಂದುಕೊಂಡು ಡಾಕ್ಟರನ್ನೇ ಕರೆಸಿದಳು.

ನಾನು ಹುಡುಕುತ್ತಿದ್ದದ್ದು ಅಗಸರ ಗುರುತು. ನಾನು ಮಡಿವಾಳರ ಮಗ. ಟಿ. ನರಸೀಪುರದ ಹೊಳೆ ದಂಡೆಯಲ್ಲಿ ಬಟ್ಟೆ ಒಗೆಯುವ ಕಲ್ಲುಗಳ ಮಧ್ಯೆ ಬೆಳೆದವನು. ಕರಿಗೇರು ಕಾಯಿಗೆ ಸೂಜಿ ಚುಚ್ಚಿ, ಅದರ ರಸದಲ್ಲಿ ಬಟ್ಟೆಯ ಮೂಲೆಗೆ ನಮ್ಮವ್ವ ಒಂದು ಗುರುತು ಹಾಕುತ್ತಿದ್ದಳು. ಶಾನುಭೋಗರ ಮನೆಗೆ ಮೂರು ಚುಕ್ಕಿ, ಪಟೇಲರ ಮನೆಗೆ ಒಂದು ಗೀಟು, ಗೀಟಿನ ತಲೆ ಮೇಲೆ ಒಂದು ಚುಕ್ಕಿ. ಬಟ್ಟೆ ಹರಿದು ಚಿಂದಿಯಾಗಬೇಕು, ಆ ಗುರುತು ಮಾತ್ರ ಹೋಗದು. ಈಗ ಅಮೆರಿಕದ ಎಡಿಸನ್ನಿನಲ್ಲಿ ನನ್ನದೇ ಡ್ರೈಕ್ಲೀನಿಂಗ್ ಅಂಗಡಿ ಇದೆ. ನರ್ಸಾಗಿ ಬಂದ ನಮ್ಮಕ್ಕ ನನ್ನನ್ನು ಇಲ್ಲಿಗೆ ಕರೆಸಿಕೊಂಡಾಗ ನನ್ನ ಹತ್ತಿರ ಇದ್ದದ್ದು ಏಳನೇ ಕ್ಲಾಸಿನವರೆಗಿನ ಓದು ಮತ್ತು ಎರಡು ಕೈ. ಇವತ್ತು ಹಬೆಯ ಮಿಷಿನ್ನುಗಳೇ ನಾಲ್ಕಿವೆ. ಗಿರಾಕಿಗಳ ಕೋಟಿಗೆ ನಂಬರಿನ ಕಾಗದ ಪಿನ್ ಹೊಡೆಯುತ್ತೇವೆ. ಒದ್ದೆಯಾದರೆ ಹೋಯಿತು ಅದು. ಅಂಥಾ ಕಾಗದ ನೋಡಿದಾಗಲೆಲ್ಲ ನನಗೆ ನಮ್ಮವ್ವನ ಮೂರು ಚುಕ್ಕಿ ನೆನಪಾಗಿ ಸ್ವಲ್ಪ ಜಂಬ ಬರುತ್ತದೆ.

ಈ ಜಂಬವೇ ನನ್ನ ಮಗಳ ಮದುವೆಗೆ ಕುತ್ತು ತರುವುದರಲ್ಲಿತ್ತು. ಅದನ್ನು ಹೇಳೋಣ ಅಂತಲೇ ಕೂತಿದ್ದೇನೆ.

ನನ್ನ ಮಗಳು ಶ್ವೇತ ಪ್ಲೇನ್ಸ್‌ಬರೋದಲ್ಲಿ ಫಿಸಿಯೋಥೆರಪಿ ಮಾಡುತ್ತಾಳೆ. ಧಾರವಾಡದ ಕಡೆಯ ನಿಖಿಲ್ ಅನ್ನುವ ಹುಡುಗನನ್ನು ಮೆಚ್ಚಿದ್ದಳು. ಹುಡುಗನ ಅಪ್ಪ ದೇಸಾಯಿ ಮೇಷ್ಟ್ರು, ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ಅವರದು ಆಗಲೇ ಒಪ್ಪಿಗೆ ಇತ್ತಂತೆ. ಅಮ್ಮ ಸುಮಿತ್ರಾಬಾಯಿಯವರದು ಮಾತ್ರ ಹ್ಞೂಂ ಇಲ್ಲ, ಉಹೂಂ ಇಲ್ಲ. "ಮೊದಲ ಮಂದೀನ್ನ ನೋಡೋಣು" ಅಂದಿದ್ದರಂತೆ. ಮಂದಿ ಅಂದರೆ ನಾವು.

ಇಬ್ಬರೂ ಮಗನ ಹತ್ತಿರ ಎರಡು ತಿಂಗಳಿಗೆ ಬಂದಿದ್ದರು. ನಾನು ಮನೆಗೆ ಕರೆಯೋಣ ಅಂತಿದ್ದೆ. ಮೇಷ್ಟ್ರೇ ಫೋನ್ ಮಾಡಿದರು. "ಮನ್ಯಾಗ ಕುಂತು ಮಾರಿ ಮಾರಿ ನೋಡಿಕೋತ ಎಷ್ಟಂತ ಚಾ ಕುಡಿಯೂದ್ರಿ? ನ್ಯೂಯಾರ್ಕಿನ ದೊಡ್ಡ ಮ್ಯೂಸಿಯಂನ್ಯಾಗ ಈಜಿಪ್ಟಿನ ಸಾಮಾನು ಅದಾವಂತ. ಅಲ್ಲೇ ಅಡ್ಡಾಡಿಕೋತ ಮಾತಾಡೋಣಲ್ಲ?"

ಮಂಜುಳ, ಅಂದರೆ ನಮ್ಮನೆಯವಳು, ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಹೆಣ ಇಟ್ಟಿರೋ ಜಾಗದಲ್ಲಿ ಹೆಣ್ಣು ನೋಡೋದಾ? ಯಾವ ಊರಲ್ಲಾದ್ರೂ ಉಂಟಾ?"

"ಹಳೇ ಹೆಣ ಕಣೆ. ನಾಲ್ಕು ಸಾವಿರ ವರ್ಷದ್ದು. ಸೂತಕ ಯಾವಾಗಲೋ ಕಳೆದಿರುತ್ತೆ" ಅಂದೆ.

"ನೀವು ಸುಮ್ನಿರಿ" ಅಂದಳು. ಆದರೂ ಬೆಳಗ್ಗೆ ಎದ್ದು ದ್ರಾಕ್ಷಿ ಗೋಡಂಬಿ ಹಾಕಿ ಕೇಸರಿಬಾತ್ ಮಾಡಿ ಸ್ಟೀಲ್ ಡಬ್ಬಿಗೆ ತುಂಬಿದಳು. ಹೆಣ್ಣು ನೋಡುವ ಶಾಸ್ತ್ರಕ್ಕೆ ಕೇಸರಿಬಾತ್ ಇಲ್ಲದೆ ಆದೀತೆ?

ನಾನು ಹಿಂದಿನ ದಿನವೇ ನನ್ನ ಅಂಗಡಿಯಲ್ಲಿ ಮೂವರ ಬಟ್ಟೆಯನ್ನೂ ನನ್ನ ಕೈಯಾರೆ ಇಸ್ತ್ರಿ ಮಾಡಿದ್ದೆ. ನನ್ನ ಪ್ಯಾಂಟಿನ ಗೆರೆಯಲ್ಲಿ ಸೌತೇಕಾಯಿ ಹೆಚ್ಚಬಹುದಿತ್ತು. ರೈಲಿನಲ್ಲಿ ಗೆರೆ ಕೆಟ್ಟೀತು ಅಂತ ಎಡಿಸನ್ನಿಂದ ನ್ಯೂಯಾರ್ಕಿನ ತನಕ ನಿಂತೇ ಬಂದೆ, ಬೇಕಾದಷ್ಟು ಸೀಟು ಖಾಲಿ ಇದ್ದವು. ಸೀಕಾಕಸ್ ಸ್ಟೇಷನ್ ದಾಟಿದ ಮೇಲೆ ಶ್ವೇತ ಎದ್ದು ನನ್ನ ಪಕ್ಕ ಬಂದಳು.

"ಅಪ್ಪ, ಒಂದೇ ಒಂದು ರಿಕ್ವೆಸ್ಟ್. ಇವತ್ತೊಂದು ದಿನ ಲಾಂಡ್ರಿ ಟಾಪಿಕ್ ಬೇಡ."

ನನ್ನ ಮುಖ ಬಿದ್ದುಹೋಗಿರಬೇಕು. ಅವಳು ತೋಳು ಹಿಡಿದುಕೊಂಡಳು. "ನಾಚಿಕೆ ಅಂತ ಅಲ್ಲ ಅಪ್ಪ, ಪ್ರಾಮಿಸ್. ನೀನು ಸ್ಟಾರ್ಟ್ ಮಾಡಿದ್ರೆ ಸ್ಟಾಪ್ ಮಾಡಲ್ಲ. ನನ್ನ ಬಾಸ್‌ಗೆ ನೀನು ಕಾಲರ್ ಬಗ್ಗೆ ಫಾರ್ಟಿಫೈವ್ ಮಿನಿಟ್ಸ್ ಹೇಳಿದ್ದೆ, ನೆನಪಿದೆಯಾ? ನಿಖಿಲ್ ಅಮ್ಮ ಇನ್ನೂ ಡಿಸೈಡ್ ಮಾಡಿಲ್ಲ. ಅವರು ಹಳೇ ಕಾಲದವರು. ಫಸ್ಟ್ ನಮ್ಮನ್ನ ನೋಡಲಿ. ಆಮೇಲೆ ಎಲ್ಲಾ ಹೇಳೋಣ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವಳ ಬಾಸು ಪಾಪ ಅವತ್ತು ಎರಡು ಸಲ ಗಡಿಯಾರ ನೋಡಿದ್ದ, ನಾನೂ ಕಂಡಿದ್ದೆ. ಆದರೂ ಎಲ್ಲೋ ಚುರುಕ್ ಅಂದಿತು. ಅಗಸರ ಮನೆ ಹೆಣ್ಣು ಅಂತ ಗೊತ್ತಾಗಿ ಆ ತಾಯಿ ಒಲ್ಲೆ ಅಂದುಬಿಟ್ಟರೆ? ಮಗಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಕೇಳಲಿಲ್ಲ. "ಆಯ್ತು ಕಂದ. ಇವತ್ತು ನಾನು ಮೂಗ" ಅಂದೆ.

ಮ್ಯೂಸಿಯಂ ಬಾಗಿಲಲ್ಲಿ ಚೀಲ ತಪಾಸಣೆ. ಕಾವಲಿನವನು ಡಬ್ಬಿ ಮುಚ್ಚಳ ತೆಗೆದ. ಘಮ್ಮೆಂದಿತು. ಅವನು ಕೇಸರಿಬಾತನ್ನು ನೋಡಿದ, ಮಂಜುಳನನ್ನು ನೋಡಿದ, ಮತ್ತೆ ಕೇಸರಿಬಾತನ್ನು ನೋಡಿದ. "ಇದೇನು, ಲಿಕ್ವಿಡ್ಡೋ ಸಾಲಿಡ್ಡೋ?" ಅಂತ ಇಂಗ್ಲಿಷಿನಲ್ಲಿ ಕೇಳಿದ. ತುಪ್ಪ ಅಷ್ಟಿತ್ತು, ಅವನ ಅನುಮಾನವೂ ನ್ಯಾಯವೇ. ಒಳಗೆ ತಿನ್ನುವ ಹಾಗಿಲ್ಲ ಅಂದು ಡಬ್ಬಿಯನ್ನು ಕೋಟುಗಳ ಜತೆ ಇಡಿಸಿದರು. ಅದನ್ನು ಕಂಡು, ಹೆಂಡತಿ ಮಗನ ಜತೆ ಅಲ್ಲೇ ಕಾಯುತ್ತಿದ್ದ ದೇಸಾಯಿ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಉದ್ದನೆಯ ಆಳು, ಬೆಳ್ಳನೆಯ ಜುಬ್ಬಾ. ಜುಬ್ಬಾಕ್ಕೆ ಗಂಜಿ ಸ್ವಲ್ಪ ಹೆಚ್ಚಾಗಿತ್ತು, ಕತ್ತಿನ ಹತ್ತಿರ ಸುಟ್ಟ ವಾಸನೆ. ನಾನು ತುಟಿ ಬಿಗಿಹಿಡಿದೆ. ಸುಮಿತ್ರಾಬಾಯಿಯವರು ನಗಲಿಲ್ಲ. ಇಳಕಲ್ ಸೀರೆ ಉಟ್ಟು, ಸೆರಗನ್ನು ಹೆಗಲ ಮೇಲೆ ಹೊದ್ದು, ನಮ್ಮ ಮೂವರನ್ನೂ ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿ "ಆರಾಮ ಇದ್ದೀರಿ?" ಅಂದರು. ಅಷ್ಟೇ.

ನನಗೆ ಈಜಿಪ್ಟು ಅಂದರೆ ಸಾವು, ಗೋರಿ, ಚಿನ್ನದ ಮುಖ ಅಂತ ಮಾತ್ರ ಗೊತ್ತಿತ್ತು. ಒಳಗೆ ಹೋದರೆ ಬೇರೆಯೇ. ಬಾಚಣಿಗೆ, ಚಪ್ಪಲಿ, ಕಣ್ಣುಕಪ್ಪಿನ ಭರಣಿ, ರೊಟ್ಟಿ, ಆಟದ ಮಣೆ, ಕೂರುವ ಮೊಣಕಾಲೆತ್ತರದ ಕುರ್ಚಿ. ಎಲ್ಲವೂ ಗೋರಿಯೊಳಗೆ ಇಟ್ಟಿದ್ದವಂತೆ. "ಮಂದಿ ತಿಳಕೊಂಡಾರ ಇವರು ಸಾವಿನ ಹುಚ್ಚರು ಅಂತ" ಅಂದರು ಮೇಷ್ಟ್ರು. "ನೋಡ್ರಿಲ್ಲೆ, ಇವರಿಗೆ ಬದುಕಿನ ಹುಚ್ಚು. ಎಷ್ಟು ಹುಚ್ಚಂದ್ರ, ಸತ್ತು ಹ್ವಾದಲ್ಲೂ ಇದ ಬದುಕು ಬದುಕಬೇಕು, ಇದ ರೊಟ್ಟಿ ತಿನ್ನಬೇಕು!"

ನನಗೆ ತಟ್ಟನೆ ನಮ್ಮ ಸೂಟ್‌ಕೇಸು ನೆನಪಾಯಿತು. ಅಮೆರಿಕಕ್ಕೆ ಹೊರಟಾಗ ಮಂಜುಳ ಅದರಲ್ಲಿ ತುಂಬಿದ್ದೇನು ಗೊತ್ತೆ? ರಾಗಿಹಿಟ್ಟು, ಮುದ್ದೆಕೋಲು, ಸೀಗೆಪುಡಿ, ಹರಳೆಣ್ಣೆ, ಒಂದು ಸಣ್ಣ ಒರಳುಕಲ್ಲು. ವಿಮಾನದ ಕೌಂಟರಿನಲ್ಲಿ ತೂಕ ಹೆಚ್ಚಾಗಿ ನನ್ನ ಎರಡು ಜೊತೆ ಬಟ್ಟೆ ವಾಪಸು ಹೋದವು, ಒರಳುಕಲ್ಲು ಅಮೆರಿಕಕ್ಕೆ ಬಂತು. ಹೋಗುವ ಊರಿನಲ್ಲಿ ಏನು ಸಿಗುತ್ತದೋ ಇಲ್ಲವೋ ಅನ್ನುವ ದಿಗಿಲು ಈಜಿಪ್ಟಿನವರಿಗೂ ಅಷ್ಟೇ ಇತ್ತು ನೋಡಿ. ಇದನ್ನು ಹೇಳಬಹುದಿತ್ತು, ಇದರಲ್ಲಿ ಲಾಂಡ್ರಿ ಏನೂ ಇರಲಿಲ್ಲ. ಆದರೆ ನನ್ನ ಮಾತು ಎಲ್ಲಿಂದ ಹೊರಟರೂ ಹೊಳೆ ದಂಡೆಗೇ ಹೋಗಿ ನಿಲ್ಲುತ್ತದೆ ಅಂತ ನನಗೇ ಗೊತ್ತು. ಸುಮ್ಮನಾದೆ.

ಒಂದು ಕಪಾಟಿನಲ್ಲಿ ಬೆರಳುದ್ದದ ನೀಲಿ ಬೊಂಬೆಗಳು, ಸಾಲಾಗಿ ಕೈಕಟ್ಟಿ ನಿಂತಿದ್ದವು. ಮೇಲಿನ ಲೋಕದಲ್ಲಿ ದೇವರು ಹೊಲದ ಕೆಲಸಕ್ಕೆ ಕರೆದರೆ ಯಜಮಾನನ ಬದಲು ಇವು "ಬಂದೆ" ಅಂತ ಎದ್ದು ಹೋಗಬೇಕಂತೆ.

"ಸತ್ತ ಮೇಲೂ ಕೆಲಸ ತಪ್ಪಲ್ವಾ?" ಅಂದಳು ಮಂಜುಳ. "ನಮ್ಮ ಅಂಗಡಿಗೂ ನಾಲ್ಕು ಸಿಗ್ತವಾ ಕೇಳಿ, ಶನಿವಾರ ಜನ ಜಾಸ್ತಿ."

ಶ್ವೇತ ಅವಳನ್ನು ತಿವಿದಳು. ಅಂಗಡಿ ಅಂದುಬಿಟ್ಟಳಲ್ಲ! ಮೇಷ್ಟ್ರು "ಏನ್ ಅಂಗಡೀರಿ ನಿಮ್ಮದು?" ಅಂತ ತಿರುಗಿದರು. ನಾನು ಕೆಮ್ಮಿದೆ. ನಿಖಿಲ್, ಬುದ್ಧಿವಂತ ಹುಡುಗ, "ಅಪ್ಪಾ, ಆ ಕಡೆ ಮೊಸಳಿ ಅದ" ಅಂತ ಅಪ್ಪನನ್ನು ಎಳೆದುಕೊಂಡು ಹೋದ.

ಮೊಸಳೆಯ ಮೂರ್ತಿ ನಿಜಕ್ಕೂ ಇತ್ತು, ಅದನ್ನೂ ಪೂಜೆ ಮಾಡುತ್ತಿದ್ದರಂತೆ. ನನಗೆ ಮಾತ್ರ, ಈಜಿಪ್ಟಿನ ಹೊಳೆಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದು ಬಟ್ಟೆ ಒಗೆದವರ ಗತಿ ಏನು ಅನ್ನುವ ಯೋಚನೆ. ನಮ್ಮ ಹೊಳೆಯಲ್ಲಿ ಒಂದು ಮೊಸಳೆ ಕಂಡಿದೆ ಅಂತ ಸುದ್ದಿಯಾದಾಗ ನಮ್ಮವ್ವ ನನ್ನನ್ನು ಎತ್ತರದ ಬಂಡೆ ಮೇಲೆ ಕಾವಲಿಗೆ ಕೂರಿಸಿದ್ದಳು. ನಾನು ಅಲ್ಲೇ ನಿದ್ದೆ ಹೋಗಿದ್ದೆ. ನಮ್ಮವ್ವ ಬದುಕಿದ್ದು ಮೊಸಳೆಯ ದಯೆ, ನನ್ನ ಕಾವಲಲ್ಲ.

ಮುಂದಿನ ಕಪಾಟಿನಲ್ಲಿ ಮಡಿಸಿಟ್ಟ ನಾರುಬಟ್ಟೆ. ಮಮ್ಮಿಗೆ ಸುತ್ತುವ ಬಟ್ಟೆ. ಹೊಸದನ್ನೇ ಸುತ್ತುತ್ತಿರಲಿಲ್ಲವಂತೆ, ಮನೆಯಲ್ಲಿ ಉಟ್ಟು ಹೊದ್ದು ಹಳತಾದ ಬಟ್ಟೆಯನ್ನೇ ಹರಿದು ಸುತ್ತಿದ್ದೂ ಉಂಟಂತೆ. ಎಂಥಾ ದೊಡ್ಡ ಮನೆಯಾದರೂ ಹಳೇ ಬಟ್ಟೆ ಎಸೆಯಲು ಕೈ ಬಾರದ ಹೆಂಗಸರು ಅಲ್ಲೂ ಇದ್ದರು. ಆ ಬಟ್ಟೆಯ ಮೂಲೆಯಲ್ಲಿ, ಸ್ವಾಮಿ, ಕಪ್ಪು ಮಸಿಯ ಗುರುತು! ಎರಡು ಗೀಟು, ಒಂದು ಕೊಂಡಿ.

ನನ್ನ ಮೂಗು ಗಾಜಿಗೆ ಬಡಿಯಿತು. ಕೈ ತಾನಾಗಿ ಮೂಲೆ ತಿರುಗಿಸಲು ಹೋಗಿ ಗಾಜನ್ನು ಕೆರೆಯಿತು. "ಸರ್, ಸ್ಟೆಪ್ ಬ್ಯಾಕ್ ಪ್ಲೀಸ್" ಅಂತ ಕಾವಲಿನವಳು ಕೂಗಿದಳು. ಶ್ವೇತ ದೂರದಿಂದಲೇ ಕಣ್ಣಲ್ಲಿ ಬೇಡಿಕೊಂಡಳು. ನಾನು ಎರಡು ಹೆಜ್ಜೆ ಹಿಂದೆ ಬಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಪಕ್ಕದಲ್ಲೇ ಪುಟ್ಟ ಬಟ್ಟೆಗಂಟುಗಳು, ಒಳಗೆ ಬಿಳಿ ಪುಡಿ. ಮೇಷ್ಟ್ರು ಚೀಟಿ ಓದಿ ಹೇಳಿದರು. "ಇದ ನೋಡ್ರಿ ಹೆಣ ಒಣಗಿಸೋ ಉಪ್ಪು. ಒಂಥರಾ ಸೋಡಾ. ಕೆರೀ ಬತ್ತಿದ ಕಡೆ ನೆಲದ ಮ್ಯಾಲೆ ಬೆಳ್ಳಗ ಕಟ್ಟತದ. ಇದರಾಗ ಹೂಳಿ ಇಟ್ಟರ ಹೆಣದ ನೀರೆಲ್ಲ ಹೀರಿಕೋತದ. ಇದನ್ನ ಬಟ್ಟಿ ತೊಳೀಲಿಕ್ಕೂ ಬಳಸ್ತಿದ್ರಂತ."

ಚೌಳು ಮಣ್ಣು! ಅದರ ಖಾಸಾ ಅಣ್ಣತಮ್ಮ! ಬೇಸಿಗೆಯಲ್ಲಿ ಕೆರೆ ಅಂಗಳದಿಂದ ನಾನೂ ನಮ್ಮಪ್ಪನೂ ಕೆರೆದು, ಕತ್ತೆ ಮೇಲೆ ಹೇರಿಕೊಂಡು ತರುತ್ತಿದ್ದದ್ದು ಅದೇ. ಚೌಳು ಕದಡಿದ ನೀರಿಗೆ ಬಟ್ಟೆ ಅದ್ದಿ, ದೊಡ್ಡ ಬಾನಿಯ ಮೇಲೆ ಗೋಪುರದಂತೆ ಪೇರಿಸಿ, ಕೆಳಗೆ ಬೆಂಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಅದಕ್ಕೆ ಉಬ್ಬೆ ಅನ್ನುತ್ತಾರೆ. ಉಬ್ಬೆಯಿಂದ ಇಳಿದ ಪಂಚೆಯ ಬಿಳುಪು ನೀವು ನೋಡಬೇಕಿತ್ತು, ಇವತ್ತಿನ ಯಾವ ಪುಡಿಯಲ್ಲೂ ಬಾರದು. ಈಜಿಪ್ಟಿನ ದೊರೆಗಳು ಸಾವಿರಾರು ವರ್ಷ ಕೆಡದೆ ಉಳಿದದ್ದು ಅಗಸರ ಸಾಮಾನಿನಿಂದ! ಎದೆಯೊಳಗೆ ಹಾಲು ಉಕ್ಕಿದ ಹಾಗಾಯಿತು. ಆದರೂ, ನಂಬುತ್ತೀರೋ ಇಲ್ಲವೋ, ಬಾಯಿ ಬಿಡಲಿಲ್ಲ. ಮಗಳ ಮುಖ ನೋಡುತ್ತಾ ಎಂಜಲು ನುಂಗಿದೆ.

ನನ್ನನ್ನು ಕೆಡಿಸಿದ್ದು ಮೂಲೆಯಲ್ಲಿದ್ದ ಒಂದು ಕಲ್ಲಿನ ಚಕ್ಕೆ. ಅಂಗೈಯಗಲ ಇತ್ತು. ಅದರ ಮೇಲೆ ಮಸಿಯಲ್ಲಿ ಬರೆದ ಸಣ್ಣ ಸಣ್ಣ ಚಿತ್ರ, ಒಂದೊಂದರ ಪಕ್ಕ ಒಂದಷ್ಟು ಚುಕ್ಕಿ. ಮೇಷ್ಟ್ರು ಕನ್ನಡಕ ಏರಿಸಿ ಇಳಿಸಿ ನೋಡಿದರು. "ಇದೇನೋ ಮಂತ್ರ ಇರಬೇಕು. ಇಲ್ಲಾ, ದೇವರಿಗೆ ಕೊಟ್ಟ ಕಾಣಿಕಿ. ಇದು ಗುಡಿ ಬಾಗಿಲ ಇದ್ದಂಗ ಕಾಣತದ."

"ಗುಡಿ ಬಾಗಿಲಲ್ಲ ಸಾರ್, ಅದು ಅಂಗಿ!"

ಮಾತು ಹೊರಗೆ ಬಿದ್ದಾಗಿತ್ತು. ಎಲ್ಲರೂ ನನ್ನ ಕಡೆ ತಿರುಗಿದರು.

"ಇದು ಅಂಗಿ, ಕತ್ತಿನ ಹತ್ತಿರ ಸೀಳಿದೆ ನೋಡಿ. ಇದು ಸೊಂಟಕ್ಕೆ ಸುತ್ತೋ ತುಂಡು. ಇದು ಒಳಗೆ ಕಟ್ಟೋದು, ಮೂರು ಮೂಲೆ. ಇದು ಹೊದೆಯೋದು, ಅಂಚಿಗೆ ಕುಚ್ಚು. ಅಂಗಿ ನಾಲ್ಕು, ತುಂಡು ಆರು. ಒಗೆಯೋಕೆ ಹಾಕಿದ ಬಟ್ಟೆ ಸಾರ್ ಇದು! ಅಗಸನಿಗೆ ಓದು ಬರ್ತಿರಲಿಲ್ಲ, ಅದಕ್ಕೇ ಚಿತ್ರ ಬರೆದವ್ರೆ."

ನಿಖಿಲ್ ಬಗ್ಗಿ ಚೀಟಿ ಓದಿದ. "ಅಂಕಲ್, ಯು ಆರ್ ರೈಟ್. ಲಾಂಡ್ರಿ ಲಿಸ್ಟ್ ಅಂತನೇ ಇದೆ!"

"ನಿಮಗ ಹೆಂಗ ತಿಳೀತ್ರಿ?" ಮೇಷ್ಟ್ರ ಕಣ್ಣು ಇಷ್ಟಗಲ ಆಗಿತ್ತು.

ಶ್ವೇತಳನ್ನು ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಆ ಕ್ಷಣ ಸುಳ್ಳು ಹೇಳಬಹುದಿತ್ತು. ಎಲ್ಲೋ ಟೀವಿಯಲ್ಲಿ ನೋಡಿದ್ದೆ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಚುಕ್ಕಿಗಳು ನನ್ನನ್ನೇ ನೋಡುತ್ತಿದ್ದವು.

"ನಾವು ಮಡಿವಾಳರು ಸಾರ್" ಅಂದೆ. "ಅಗಸರು. ನಮ್ಮವ್ವನಿಗೂ ಓದು ಬರ್ತಿರಲಿಲ್ಲ. ಮನೆ ಗೋಡೆ ಮೇಲೆ ಇದ್ದಿಲಲ್ಲಿ ಹಿಂಗೇ ಬರೆಯೋಳು. ಪಂಚೆಗೆ ಒಂದು ಉದ್ದ ಡಬ್ಬ, ರವಿಕೆಗೆ ಎರಡು ಕಿವಿ, ಮಕ್ಕಳ ಚಡ್ಡಿಗೆ ಎರಡು ಕಾಲು. ಪಕ್ಕದಲ್ಲಿ ಚುಕ್ಕಿ. ಒಂದು ಸಲ ನಮ್ಮೂರ ಇಸ್ಕೂಲು ಮೇಷ್ಟ್ರ ಮನೆಯವರು ಒಂದು ಸೀರೆ ಕಮ್ಮಿ ಅಂತ ಜಗಳಕ್ಕೆ ಬಂದ್ರು. ನಮ್ಮವ್ವ ಅವರನ್ನ ಗೋಡೆ ಮುಂದೆ ನಿಲ್ಲಿಸಿ ಚುಕ್ಕಿ ತೋರಿಸಿದಳು. ಮನೆಗೆ ಹೋಗಿ ನೋಡಿದ್ರೆ ಸೀರೆ ಅವರ ಮಂಚದ ಕೆಳಗಿತ್ತು. ನಾನು ಅವಳ ಗೋಡೇನ ಸುಣ್ಣ ಹೊಡೆದು ಅಳಿಸಿದೆ ಸಾರ್, ದೀಪಾವಳಿಗೆ ಮನೆ ಚೆಂದ ಮಾಡ್ತೀನಿ ಅಂತ. ಇವರು ನೋಡಿ, ಹೆಂಗೆ ಗಾಜಲ್ಲಿಟ್ಟವ್ರೆ."

ಆಮೇಲೆ ತಡೆ ಇರಲಿಲ್ಲ. ಚೌಳು, ಉಬ್ಬೆ, ಕರಿಗೇರು, ಮೂಲೆಯ ಗುರುತು, ಎಲ್ಲವೂ ಹೊರಗೆ ಬಂತು. ಮೇಷ್ಟ್ರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಗೀಚತೊಡಗಿದರು. "ಹಗೂರ ಹೇಳ್ರಿ, ಹಗೂರ. ಉಬ್ಬೀಗೆ ಎಷ್ಟು ಹೊತ್ತು ಉರಿ?" ಜಪಾನಿನವರಿರಬೇಕು, ಯಾರೋ ಇಬ್ಬರು ನನ್ನನ್ನು ಮ್ಯೂಸಿಯಂನ ಗೈಡ್ ಅಂದುಕೊಂಡು ಬಂದು ಪಕ್ಕದಲ್ಲಿ ನಿಂತರು. ಅವರಿಗೂ ತಲೆದೂಗುವಷ್ಟು ಅರ್ಥವಾಯಿತು.

ಅಷ್ಟರಲ್ಲಿ ನೋಡಿದೆ, ಸುಮಿತ್ರಾಬಾಯಿಯವರು ಅಲ್ಲಿರಲಿಲ್ಲ. ನನ್ನ ಮಾತಿನ ಮಧ್ಯದಲ್ಲೇ ತಿರುಗಿ, ಮುಂದಿನ ಕೋಣೆಗೆ ಹೊರಟುಹೋಗಿದ್ದರು.

ಶ್ವೇತಳ ಹತ್ತಿರ ಹೋಗಿ ಮೆಲ್ಲಗೆ, "ಕೆಡಿಸಿಬಿಟ್ನಾ ಕಂದ? ತಪ್ಪಾಯ್ತು" ಅಂದೆ.

ಅವಳ ಕಣ್ಣು ಒದ್ದೆಯಾಗಿತ್ತು. "ಅಜ್ಜಿ ಬಗ್ಗೆ ಹೇಳಿದ್ದಕ್ಕೆಲ್ಲ ಸಾರಿ ಕೇಳ್ಬೇಡ" ಅಂದಳು. "ನಂದೇ ತಪ್ಪು. ನೀನು ಸುಮ್ನೆ ಇರು ಅಂತ ನಾನು ಕೇಳಬಾರದಿತ್ತು. ಏನಾಗುತ್ತೋ ಆಗಲಿ ಅಪ್ಪ." ನಿಖಿಲ್ ಅವಳ ಪಕ್ಕ ಬಂದು ನಿಂತ. ಮಂಜುಳ ನನ್ನ ಕಾಲರ್ ಸರಿ ಮಾಡಿದಳು, ಅದು ಸರಿಯಾಗೇ ಇತ್ತು.

"ಬೀಗರ, ಸ್ವಲ್ಪ ಈ ಕಡೆ ಬರ್ರಿ!"

ಪಕ್ಕದ ಕೋಣೆಯಿಂದ ಗಂಟೆ ಬಾರಿಸಿದಂಥ ದನಿ. ಯಾರನ್ನು ಕರೆದರು ಅಂತ ಒಂದು ಗಳಿಗೆ ನನಗೆ ಹೊಳೆಯಲಿಲ್ಲ. ಮೇಷ್ಟ್ರು ಗೀಚುವುದನ್ನು ನಿಲ್ಲಿಸಿದರು. ಶ್ವೇತ ಬಾಯಿಗೆ ಕೈ ಅಡ್ಡ ಹಿಡಿದಳು.

"ಬೀಗರ ಅಂದ್ರ ನಿಮಗ ಕರದದ್ರಿ!" ಸುಮಿತ್ರಾಬಾಯಿಯವರು ಬಾಗಿಲಿಗೆ ಬಂದು ಕೈ ಬೀಸಿದರು. "ಕಲ್ಲು ತೋರಿಸಿ ಅಷ್ಟು ಹೇಳಿದ್ರಿ, ಛಲೋ ಹೇಳಿದ್ರಿ. ನಮ್ಮವರು ಕಾಲೇಜಿನ್ಯಾಗ ಮೂವತ್ತು ವರ್ಷ ಹೇಳಿದ್ರೂ ನನಗ ಇಷ್ಟು ತಿಳೀಲಿಲ್ಲ. ಇಲ್ಲಿ ಒಂದು ಕಟಗೀ ಮಣಿ ಅದ, ಬಂದು ಹೇಳ್ರಿ ಏನದು ಅಂತ. ನೀವು ಬರೂದರೊಳಗ ಯಾರರ ಅಡ್ಡ ನಿಂತಾರು ಅಂತ, ನಿಮ್ಮ ಮಾತು ನಡದಾಗನ ಬಂದು ಕಾಯ್ಕೋತ ನಿಂತೀನಿ."

ಹೋದೆವು. ಗಾಜಿನೊಳಗೆ ಮರದ ಹಲಗೆ, ಉದ್ದಕ್ಕೂ ಸಾಲು ಸಾಲು ಗೀರು. ಇದನ್ನು ಯಾತಕ್ಕೆ ಬಳಸುತ್ತಿದ್ದರೋ ಖಚಿತವಿಲ್ಲ, ಬಟ್ಟೆಗೆ ನೆರಿಗೆ ಹಾಕಲು ಇದ್ದರೂ ಇರಬಹುದು ಅಂತ ಚೀಟಿ ಹೇಳಿತು.

"ಇರಬಹುದು ಏನು, ನೆರಿಗೆ ಮಣೆನೇ ಇದು" ಅಂದೆ. "ಒದ್ದೆ ಬಟ್ಟೆಗೆ ಗಂಜಿ ಹಾಕಿ ಈ ಗೀರಿನೊಳಗೆ ಒತ್ತಿದ್ರೆ ನೆರಿಗೆ ನಿಲ್ಲುತ್ತೆ. ಆಚೆ ದೊರೆಗಳ ಮೂರ್ತಿ ಇದ್ದವಲ್ಲ, ಅವರ ಸೊಂಟದ ಬಟ್ಟೆಯ ನೆರಿಗೆ ನೋಡಿದ್ರಾ?"

"ಸಾಧ್ಯನ ಇಲ್ಲ" ಅಂದರು ಸುಮಿತ್ರಾಬಾಯಿಯವರು. "ಇದು ಗವಲಿ ಮಣಿ. ಗೋಧಿ ಹಿಟ್ಟಿನ ಗುಳಿಗಿ ಇದರ ಮ್ಯಾಲೆ ಇಟ್ಟು ಹೆಬ್ಬಟ್ಟಿಲೆ ಒತ್ತಿ ಎಳೀಬೇಕು, ಗೀರು ಮೂಡಿ ಸುರುಳಿ ಆಗತದ. ನಮ್ಮ ತವರುಮನ್ಯಾಗ ಹಿಂಥಾದ್ದ ಅದ. ಮದುವಿ ಅಂದ್ರ ಗವಲಿ ಪಾಯಸ ಇಲ್ಲದ ಆಗೂದಿಲ್ಲ."

"ಗೀರು ಇಷ್ಟು ಆಳ ಯಾಕೆ ಬೇಕು ಹಿಟ್ಟಿಗೆ?"

"ಬಟ್ಟೀಗೆ ಇಷ್ಟು ಸಣ್ಣ ಮಣಿ ಸಾಕೇನ್ರಿ?"

"ತುಂಡು ತುಂಡಾಗಿ ಒತ್ತುತಾರೆ ಬೀಗಿತ್ತಿಯವರೇ!"

"ಎಷ್ಟು ವರ್ಷ ಒತ್ತಕೋತ ಕೂಡತಾರ? ಅಷ್ಟರಾಗ ಉಡಾಂವ ಮಮ್ಮಿ ಆಗಿರತಾನ!"

ನಾನು ಗಾಜಿಗೆ ಬೆರಳಿಟ್ಟು ತೋರಿಸಿದೆ. ಅವರು ನನ್ನ ಬೆರಳನ್ನು ಪಕ್ಕಕ್ಕೆ ಸರಿಸಿ ತಮ್ಮ ಹೆಬ್ಬೆಟ್ಟಿಟ್ಟು ತೋರಿಸಿದರು. ನಮ್ಮಿಬ್ಬರ ದನಿಯೂ ಮೂಲತಃ ಸಣ್ಣದಲ್ಲ. ನಮ್ಮ ಹಿಂದೆ ಮೇಷ್ಟ್ರು ಅವರ ಮಾತನ್ನೂ ಬರೆದುಕೊಳ್ಳುತ್ತಿದ್ದರು, ನನ್ನ ಮಾತನ್ನೂ ಬರೆದುಕೊಳ್ಳುತ್ತಿದ್ದರು. ಕಾವಲಿನವಳು ಓಡಿ ಬಂದು, ದಯವಿಟ್ಟು ಮೆಲ್ಲಗೆ ಮಾತಾಡಿ ಅಂತ ಇಂಗ್ಲಿಷಿನಲ್ಲಿ ಬೇಡಿಕೊಂಡಳು. ಮಂಜುಳ ಅವಳ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ, ಅಚ್ಚ ಕನ್ನಡದಲ್ಲಿ ಸಮಾಧಾನ ಹೇಳಿದಳು.

"ಸ್ವಲ್ಪ ತಡ್ಕೊಳವ್ವ. ಈಗ ತಾನೇ ಬೀಗರಾಗವ್ರೆ."